ಒಂದು ಗೇಣು ಕೆಳಗೆ

ನಮ್ಮ ಅತ್ತೆ ಶಿವಕ್ಕನವರ ಕಣ್ಣಿಗೆ ಸಡಿಲವಾದದ್ದು ಯಾವುದೂ ಬೀಳಬಾರದು. ಕುಕ್ಕರಿನ ಹಿಡಿ, ಬಚ್ಚಲ ಬಾಗಿಲಿನ ಚಿಲಕ, ನೆರೆಮನೆಯ ಮುದುಕಿಯ ಕನ್ನಡಕದ ಕಡ್ಡಿ, ಎಲ್ಲವನ್ನೂ ಕೂತಲ್ಲೇ ಬಿಗಿ ಮಾಡಿಕೊಡುವವರು. ಲಂಡನ್ನಿನ ಇಲ್ಫರ್ಡಿನ ನಮ್ಮ ಮನೆಯಲ್ಲಿ ಚಮಚೆಗಳ ಡ್ರಾಯರು ಎಳೆದರೆ ಮೊದಲು ಕೈಗೆ ಸಿಗುತ್ತಿದ್ದುದು ಕೆಂಪು ಹಿಡಿಯ ಒಂದು ಸ್ಕ್ರೂಡ್ರೈವರ್. ಅದು ತೀರಿಹೋದ ಮಾವ ಶರಣಪ್ಪನವರದು. ಅವರು ಡ್ಯಾಗನಮ್ಮಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಾರುಗಳಿಗೆ ನಟ್ಟು ಬಿಗಿದವರು. ಆಯುಧಪೂಜೆಯ ಖಂಡೇ ನವಮಿ ಬಂತೆಂದರೆ ನಟ್ಟು ಬಿಗಿಯುವ ತಮ್ಮ ಪಾನಾಗಳನ್ನೆಲ್ಲ ಚೀಲದಲ್ಲಿ ಮನೆಗೆ ತರುತ್ತಿದ್ದರು. ಅತ್ತೆ ಅವನ್ನು ಒರೆಸಿ, ಎಣ್ಣೆ ಸವರಿ, ಸಡಿಲಿದ್ದದ್ದನ್ನು ಬಿಗಿ ಮಾಡಿ, ವಿಭೂತಿ ಹಚ್ಚಿ ಪೂಜೆಗೆ ಇಡುತ್ತಿದ್ದರು. ಮಾವ ಹೋಗಿ ಆರು ವರ್ಷವಾದರೂ ಆ ಪದ್ಧತಿ ಹಾಗೇ ನಡೆದಿತ್ತು.

ನನ್ನ ಗಂಡ ಅಮರ ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಜೊತೆಗೆ ಕೆಲಸ ಮಾಡುವ ಟೆರಿ ಎಂಬುವನು ಒಂದು ಭಾನುವಾರ ಸರ್ರೆಯ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದದ್ದೇ ನೆವ, ಇವರಿಗೆ ಬಂದೂಕಿನ ಹುಚ್ಚು ಹಿಡಿಯಿತು. ಪೊಲೀಸರ ಪರವಾನಗಿ ಬಂತು, ಮೆಟ್ಟಿಲ ಕೆಳಗೆ ಗೋಡೆಗೆ ಜಡಿದ ಉಕ್ಕಿನ ಕಪಾಟು ಬಂತು, ಆಮೇಲೆ ದುರ್ಬೀನು ಕೂಡಿಸಿದ ರೈಫಲ್ಲೂ ಬಂತು. ಕಪಾಟಿನ ಕೀಲಿ ಎಲ್ಲಿದೆ ಎಂಬುದು ನನಗೂ ಗೊತ್ತಿರಬಾರದೆಂಬುದು ಕಾನೂನು.

ಒಂದು ಸಲ ನಾನೂ ರೇಂಜಿಗೆ ಹೋಗಿದ್ದೆ. ಮೊದಲು ಇಪ್ಪತ್ತೈದು ಗಜದಲ್ಲಿ ಕಾಗದ ನಿಲ್ಲಿಸಿ ಹೊಡೆದರು, ಆಮೇಲೆ ನೂರು ಗಜದಲ್ಲಿ. ಮೂರು ಗುಂಡು ಹಾರಿಸಿ, ದುರ್ಬೀನಿನ ಮೇಲಿನ ಮುಚ್ಚಳ ತೆಗೆದು, ಒಳಗಿನ ಸಣ್ಣ ತಿರುಪನ್ನು ಟಿಕ್ ಟಿಕ್ ಎಂದು ಎರಡು ಸಲ ತಿರುವಿ, ಮತ್ತೆ ಮೂರು ಗುಂಡು. ಒಂದು ಟಿಕ್ಕಿಗೆ ನೂರು ಗಜದಾಚೆ ಗುಂಡು ಕಾಲಿಂಚು ಸರಿಯುತ್ತದಂತೆ. ನೂರು ಗಜಕ್ಕೆ ನಡುವಿನಿಂದ ಒಂದಿಂಚು ಮೇಲೆ ಕೂತರೆ ಇನ್ನೂರಕ್ಕೆ ಎರಡಿಂಚು ಕೆಳಗೆ ಬೀಳುತ್ತದಂತೆ. ಇದಕ್ಕೆ ಝೀರೊ ಮಾಡುವುದು ಎನ್ನುತ್ತಾರೆ.

“ಝೀರೊ ಆದ ಮ್ಯಾಲೆ ಈ ತಿರುಪು ಯಾರೂ ಮುಟ್ಟಬಾರದು,” ಎಂದು ನನಗೆ ಹೇಳಿದರು. “ಒಂದ್ ಸಲ ತಿರುಗಿತಂದ್ರ ಎಲ್ಲಾ ಹಾಳು.”

ಒಲೆಯ ಮೇಲೆ ಹಾಲು ಉಕ್ಕಿದರೂ ಎದ್ದು ಬರದ ಮನುಷ್ಯ, ಜಿಟಿಜಿಟಿ ಮಳೆಯಲ್ಲಿ ಚಾಪೆಯ ಮೇಲೆ ಬೋರಲು ಮಲಗಿ ಎರಡು ತಾಸು ಇದನ್ನೇ ಮಾಡಿದರು. ನನಗೆ ನಗು ಬಂದಿತ್ತು.

ಆದರೆ ಅವರು ಹೊಡೆಯುತ್ತಿದ್ದುದು ಬರೀ ಕಾಗದಕ್ಕಲ್ಲ. ಎಸೆಕ್ಸಿನಲ್ಲಿ ಟೆರಿಯ ಭಾವನ ಹೊಲವಿತ್ತು. ಅಲ್ಲಿ ಜಿಂಕೆಗಳು ಹಿಂಡುಗಟ್ಟಿ ಬಂದು ಬೆಳೆ ಮೇಯುತ್ತಿದ್ದವು. ವರ್ಷಕ್ಕೆ ಐದಾರು ಸಲ ಇವರು ಹೋಗಿ ಹೊಡೆದು ಬರುತ್ತಿದ್ದರು. ಮಾಂಸ ಟೆರಿಯ ಪಾಲು. ನಮ್ಮದು ಮೊಟ್ಟೆಯೂ ಹೊಸ್ತಿಲು ದಾಟದ ಲಿಂಗಾಯತರ ಮನೆ. ಮಗಳು ಅಂಕಿತಾಳ ಹುಟ್ಟುಹಬ್ಬದ ಕೇಕನ್ನು ಕೂಡ, ಡಬ್ಬಿಯ ಮೇಲೆ ಬರೆದದ್ದನ್ನು ನನ್ನ ಕೈಲಿ ಎರಡು ಸಲ ಓದಿಸಿಯೇ ಅತ್ತೆ ಒಳಗೆ ಬಿಡುವವರು. ಮಗ ಜೀವ ತೆಗೆಯುತ್ತಾನೆಂದು ಗೊತ್ತಾದರೆ ಅವರು ಈ ಮನೆಯಲ್ಲಿ ತುತ್ತು ಮುಟ್ಟುವುದಿಲ್ಲ, ಕೊಲಿಂಡೇಲಿನಲ್ಲಿರುವ ಕಿರಿಯ ಮಗ ನಿತೀಶನ ಫ್ಲ್ಯಾಟಿಗೆ ಹೊರಟುಬಿಡುತ್ತಾರೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅಂಕಿತಾಳನ್ನು ಹನ್ನೊಂದು ದಿನದ ಕೂಸಿನಿಂದ ಸಾಕಿದವರು ಅವರು. ಅವರಿಲ್ಲದ ಅಡುಗೆಮನೆ ನನಗೆ ಊಹೆಗೂ ಬರುತ್ತಿರಲಿಲ್ಲ. ಅದಕ್ಕೇ ಬಂದೂಕು ಮನೆಗೆ ಬಂದ ದಿನ, ಅವರು ಕೇಳುವ ಮೊದಲೇ ನಾನು ಹೇಳಿಬಿಟ್ಟೆ.

“ಕಾಗದಕ್ಕ ಹೊಡ್ಯಾಕ ಅತ್ತಿ. ಆಟ ಅದು, ಕೇರಂ ಇದ್ದಂಗ.”

ಸುಳ್ಳು ನನ್ನದು. ಅಮರ ಅದರ ನೆರಳಿನಲ್ಲಿ ಎರಡು ವರ್ಷ ಕೂತರು, ಅಷ್ಟೇ.

2002ರ ಖಂಡೇ ನವಮಿ ಸೋಮವಾರ ಬಂತು. ನಾನು ಔಷಧಿ ಅಂಗಡಿಯ ಕೆಲಸಕ್ಕೆ ರಜೆ ಹಾಕಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದೆ. ಮುಂದಿನ ಕೋಣೆಯಲ್ಲಿ ಅತ್ತೆ ಮಣೆಯ ಮೇಲೆ ಹೊಲಿಗೆ ಮಷೀನು, ಈಳಿಗೆ, ಮಾವನ ಪಾನಾಗಳು, ಅಂಕಿತಾಳ ಕಂಪಾಸು ಡಬ್ಬಿ ಎಲ್ಲ ಜೋಡಿಸಿದ್ದರು.

“ಅಮರ, ನಿನ್ನ ಬಂದೂಕ ತಗದು ಕೊಡೋ,” ಎಂದರು.

“ಅದ್ಯಾಕವ್ವ? ಅದನ್ನ ಹೊರಗ ಇಡಬಾರದು.”

“ಹೋದ ವರ್ಷನೂ ಇಷ್ಟೇ ಅಂದಿ. ನಿಮ್ಮಪ್ಪನ ಪಾನಾ ಪೂಜಿ ಮಾಡ್ತೀನಿ, ನಿಂದ್ಯಾಕ ಬ್ಯಾಡ? ಖಂಡೇ ಪೂಜಿಗೆ ಆಯುಧ ಬಿಡಬಾರದು. ನೀ ಇಲ್ಲೇ ಕೂಡು ಬೇಕಾದ್ರ.”

ಅಮರ ನನ್ನ ಮುಖ ನೋಡಿದರು. ಬೇಡ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಕೊಟ್ಟುಬಿಡಿ ಎಂದು ನಾನು ಕಣ್ಣಿನಲ್ಲೇ ಹೇಳಿದೆ. ಅವರು ರೈಫಲ್ಲಿನ ಗುಂಡು ಹಾರಿಸುವ ಬೋಲ್ಟು ಬಿಚ್ಚಿ ಜೇಬಿಗೆ ಹಾಕಿಕೊಂಡು, ಬರಿಯ ಬಂದೂಕನ್ನು ಮಣೆಯ ಮೇಲಿಟ್ಟು ಪಕ್ಕದಲ್ಲೇ ಕಾವಲು ಕೂತರು. ಅಷ್ಟರಲ್ಲಿ ಗ್ಯಾರೇಜಿನಿಂದ ಫೋನು ಬಂತು. ಫೋನು ಇದ್ದದ್ದು ಮೆಟ್ಟಿಲ ಹತ್ತಿರ. ಹತ್ತು ನಿಮಿಷ ಮಾತಾಡಿದರು.

ನಾನು ಹೂರಣದ ಕೈಯಲ್ಲೇ ಬಾಗಿಲಿಗೆ ಬಂದಾಗ ಅತ್ತೆ ದುರ್ಬೀನಿನ ಮೇಲಿನ ಮುಚ್ಚಳ ತಿರುವಿ ತೆಗೆದು, ವಿಭೂತಿ ಕೈಯಿಂದ ಒಳಗೆಲ್ಲ ಒರೆಸುತ್ತಿದ್ದರು. ಒಳಗಿನ ತಿರುಪು ಬೆರಳಿಗೆ ಸಿಕ್ಕಿ ಅಲುಗಿತು. ಅತ್ತೆ ಅದನ್ನು ಎರಡು ಬೆರಳಲ್ಲಿ ಹಿಡಿದು, ಕುಕ್ಕರಿನ ತಿರುಪಿಗೆ ಮಾಡುವಂತೆ, ಬಲಕ್ಕೆ ಒಮ್ಮೆ ಚೆನ್ನಾಗಿ ತಿರುವಿದರು. ಟಿಕ್ ಟಿಕ್ ಟಿಕ್ ಎಂದು ಸದ್ದು ನನಗೆ ಸ್ಪಷ್ಟವಾಗಿ ಕೇಳಿತು.

“ಸಡ್ಲ ಆಗಿತ್ತು ನೋಡು. ಇವನಿಗೆ ಲಕ್ಷ್ಯನ ಇಲ್ಲ,” ಎಂದು ಮುಚ್ಚಳ ಹಾಕಿ ಕುಂಕುಮ ಇಟ್ಟರು.

ಹೇಳಬೇಕಿತ್ತು. ಹೇಳಿದರೆ ಅಮರ ಸಿಡುಕುತ್ತಾರೆ, ಅತ್ತೆ ಹಬ್ಬದ ದಿನ ಮುಖ ಬಾಡಿಸಿಕೊಂಡು ಕೂಡುತ್ತಾರೆ. ಹೇಗೂ ಹೊಲಕ್ಕೆ ಹೋದ ಮೇಲೆ ಅಲ್ಲಿ ಮಣ್ಣಿನ ದಿಬ್ಬಕ್ಕೆ ಕಾಗದ ಒರಗಿಸಿ ಮೂರು ಗುಂಡು ಹೊಡೆದು ನೋಡದೆ ಅವರು ಬೇಟೆಗೆ ಇಳಿಯುವವರಲ್ಲ. ಆಗ ತಾವೇ ಸರಿಮಾಡಿಕೊಳ್ಳುತ್ತಾರೆ ಎಂದುಕೊಂಡೆ. ಒಲೆಯ ಮೇಲೆ ಹೋಳಿಗೆ ಸೀಯುತ್ತಿತ್ತು. ಒಳಗೆ ಹೋದೆ.

ಶನಿವಾರ ಅವರು ಮಧ್ಯಾಹ್ನ ಎರಡಕ್ಕೆ ಎಸೆಕ್ಸಿಗೆ ಹೊರಡುವವರಿದ್ದರು. ನಾನೇ ತಡೆದೆ.

“ನಿತೀಶಗ ಹೋಳಿಗಿ ಕೊಟ್ಟು ಹೋಗ್ರಿ. ಅತ್ತಿ ಡಬ್ಬಿ ಕಟ್ಟಿ ಕೂತಾರ. ಅವರನ್ನೂ ಕರ್ಕೊಂಡು ಹೋಗಿ ಬರ್ರಿ.”

“ಕೊಲಿಂಡೇಲ್ ಎತ್ತ, ಎಸೆಕ್ಸ್ ಎತ್ತ? ನಾಳೆ ಕೊಟ್ರಾತು.”

“ನಾಳೆ ನಿತೀಶಗ ಡ್ಯೂಟಿ ಅದ.”

ದಾರಿಯಲ್ಲಿ ಟ್ರಾಫಿಕ್ಕು ಸಿಕ್ಕಿ, ಹೋಗಿ ಬರುವಷ್ಟರಲ್ಲಿ ನಾಲ್ಕಾಯಿತು. ಅತ್ತೆಯನ್ನು ಬಾಗಿಲಲ್ಲಿ ಇಳಿಸಿ, ಬಂದೂಕು ತೆಗೆದುಕೊಂಡು, ಚಹಾ ಕೂಡ ಕುಡಿಯದೆ ಹೊರಟರು. ರಾತ್ರಿ ಫೋನು ಮಾಡಿ, ಇಲ್ಲೇ ಉಳಿಯುತ್ತೇನೆ ಎಂದಷ್ಟೇ ಹೇಳಿ ಇಟ್ಟರು.

ಭಾನುವಾರ ಊಟದ ಹೊತ್ತಿಗೆ ಬಂದರು. ಬಂದೂಕು ಕಪಾಟಿಗೆ ಇಟ್ಟು, ಮೆಟ್ಟಿಲ ಮೇಲೆ ಬೂಟು ಬಿಚ್ಚದೆ ಕೂತರು. ಅತ್ತೆ ರೊಟ್ಟಿ ಬಡಿಯುವುದನ್ನು ಬಿಟ್ಟು ಹೊರಗೆ ಬಂದರು. ಅಮರನ ಪ್ಯಾಂಟಿನ ಮೊಣಕಾಲು ಕಪ್ಪಗಾಗಿ ಬಿರುಸಾಗಿತ್ತು. ಅತ್ತೆ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಹಿಟ್ಟಿನ ಕೈಯಲ್ಲೇ ಅವರ ಕಾಲು ಹಿಡಿದು ಪ್ಯಾಂಟು ಮೇಲೆತ್ತತೊಡಗಿದರು.

“ಎಲ್ಲಿ ಬಡದದೋ? ತೋರ್ಸು. ಸೌಜನ್ಯಾ, ಅರಿಷಿಣ ತಾ.”

“ಏನೂ ಆಗಿಲ್ಲವ್ವ. ಬಿಡು.”

“ಇಷ್ಟು ರಕ್ತ ಹೋಗ್ಯಾದ, ಏನೂ ಆಗಿಲ್ಲಂದ್ರ?”

“ಅದು ನಂದಲ್ಲ.”

ಅತ್ತೆಯ ಕೈ ನಿಂತಿತು. ಅರಿಶಿನದ ಡಬ್ಬಿ ಹಿಡಿದು ನಾನೂ ನಿಂತೆ.

“ಮತ್ತ ಯಾರದು?”

ಅಮರ ಬೂಟಿನ ದಾರ ಬಿಚ್ಚತೊಡಗಿದರು. ಅತ್ತೆ ಅವರ ಮುಖ ನೋಡಿದರು, ಆಮೇಲೆ ನನ್ನದು.

“ಕಾಗದಕ್ಕ ರಕ್ತ ಇರ್ತದೇನೋ?” ಎಂದು ಮೆಲ್ಲಗೆ ಕೇಳಿದರು.

“ಜಿಂಕಿ ಅವ್ವ. ಹೊಲಾ ಮೇಯ್ತಾವ. ಅಲ್ಲಿ ಎಲ್ಲಾರೂ ಹೊಡೀತಾರ.”

“ಎಷ್ಟು ದಿನದಿಂದ?”

“ಎರಡು ವರ್ಷ.”

“ನಿನಗ ಗೊತ್ತಿತ್ತೇನು?” ಈ ಪ್ರಶ್ನೆ ನನಗೆ. ನಾನು ತಲೆ ತಗ್ಗಿಸಿದೆ. ಅವರು ಎದ್ದು ಅಡುಗೆಮನೆಗೆ ಹೋಗಿ ಒಲೆ ಆರಿಸಿದರು. ಅರ್ಧ ಬಡಿದ ರೊಟ್ಟಿ ಕಲ್ಲಿನ ಮೇಲೇ ಒಣಗಿತು. ಆ ಮಧ್ಯಾಹ್ನ ಯಾರೂ ಉಣ್ಣಲಿಲ್ಲ.

ಅತ್ತೆ ಸ್ನಾನಕ್ಕೆ ಹೋದಾಗ ಅಮರ ಅಡುಗೆಮನೆಗೆ ಬಂದು ನಡೆದದ್ದು ಹೇಳಿದರು. ಹೊಲ ಮುಟ್ಟುವಾಗಲೇ ಬೆಳಕು ಇಳಿಯುತ್ತಿತ್ತು. ಎಳೆಯ ಗಂಡು ಜಿಂಕೆಯೊಂದು ಬೇಲಿಯ ಹತ್ತಿರ ನಿಂತಿತ್ತು. ಕಾಗದ ಕಟ್ಟಿ ನೋಡುವಷ್ಟು ಹೊತ್ತಿರಲಿಲ್ಲ. ನೂರು ಗಜದ ಮೇಲೆ ಸ್ವಲ್ಪ ದೂರ, ಹೆಗಲಿಗೆ ಗುರಿ ಹಿಡಿದು ಹೊಡೆದರು. ಗುಂಡು ಮುಂಗಾಲಿಗೆ ಬಿತ್ತು. ಅದು ಮೂರು ಕಾಲಲ್ಲಿ ಬೇಲಿ ನುಗ್ಗಿ ಹೋಯಿತು. ಕತ್ತಲಾಗುವ ತನಕ ಹುಡುಕಿದರು. ಬೆಳಿಗ್ಗೆ ಪಕ್ಕದ ಹೊಲದವನ ನಾಯಿ ತಂದು ಹುಡುಕಿದಾಗ, ಹತ್ತು ಗಂಟೆಗೆ, ಒಂದು ಹಳ್ಳದಲ್ಲಿ ಸಿಕ್ಕಿತು.

“ಇನ್ನೂ ಜೀವ ಇತ್ತು,” ಎಂದರು. “ನನ್ನನ್ನ ನೋಡಿ ಏಳಾಕ ನೋಡ್ತು.”

ಸಿಂಕಿನ ಅಂಚು ಹಿಡಿದುಕೊಂಡು ಅತ್ತರು. ಮಾವ ಸತ್ತ ದಿನವೂ ಅವರು ಹಾಗೆ ಅತ್ತಿರಲಿಲ್ಲ.

“ಆಮ್ಯಾಲೆ ಕಾಗದಕ್ಕ ಹೊಡೆದು ನೋಡಿದೆ. ಒಂಬತ್ತಿಂಚು ಕೆಳಗ ಬೀಳ್ತದ. ಮುಚ್ಚಳ ತಗದ್ರ ಒಳಗೆಲ್ಲ ವಿಭೂತಿ.” ಕಣ್ಣು ಒರೆಸಿಕೊಂಡರು. “ಅವ್ವಗ ಹೇಳಬ್ಯಾಡ. ಅಕಿ ಉಳಿಯಂಗಿಲ್ಲ. ನೋಡದ ಹೊಡೆದವ ನಾನು.”

“ಹೂಂ,” ಎಂದೆ. ನಾನು ಕಂಡಿದ್ದೆ ಎಂದು ಹೇಳಲಿಲ್ಲ. ಹೊಸ್ತಿಲಾಚೆ ಹದಿಮೂರು ವರ್ಷದ ಅಂಕಿತಾ ಖಾಲಿ ಲೋಟ ಹಿಡಿದು ನಿಂತಿದ್ದನ್ನು ಆಮೇಲೆ ನೋಡಿದೆ.

ಮರುದಿನದಿಂದ ಅತ್ತೆಯ ಅಡುಗೆ ಬೇರೆ. ತಮ್ಮ ಕೋಣೆಯಲ್ಲಿ ಒಂದು ಸಣ್ಣ ಕರೆಂಟು ಒಲೆ ಇಟ್ಟುಕೊಂಡು, ಹೊಸದಾಗಿ ತಂದ ಒಂದೇ ಪಾತ್ರೆಯಲ್ಲಿ ಅನ್ನವೋ ಗಂಜಿಯೋ ಮಾಡಿಕೊಂಡು ಒಬ್ಬರೇ ಉಣ್ಣುತ್ತಿದ್ದರು. ನೀರು ಕೂಡ ಅಂಕಿತಾ ತಂದುಕೊಟ್ಟರೇ ಸೈ. ನಾನು ಕೆಲಸದಿಂದ ಬಂದು ಮೂರು ತಾಟು ಹಾಕುವಾಗ ಕೈ ತಾನಾಗಿ ನಾಲ್ಕನೆಯದಕ್ಕೆ ಹೋಗುತ್ತಿತ್ತು.

ನಿತೀಶ ಬಂದ. ಕೂತು ಚಹಾ ಕುಡಿಯುವ ಮೊದಲೇ ಶುರುಮಾಡಿದ.

“ಅವ್ವನ್ನ ಕರ್ಕೊಂಡು ಹೋಗ್ತೀನಿ, ವೈನಿ. ನಾಕನೇ ಮಹಡಿ, ಲಿಫ್ಟ್ ಅದ, ತ್ರಾಸಿಲ್ಲ. ಈ ವಯಸ್ಸಿನಾಗ ಮೂಲ್ಯಾಗ ಗಂಜಿ ಬೇಯಿಸ್ಕೊಂಡು ಕೂಡೋದೇನು?”

“ನಿನ್ನ ಫ್ಲ್ಯಾಟಿನಾಗ ಇಡೀ ದಿನ ಒಬ್ಬಾಕೀನ ಕೂಡ್ತಾಳ,” ಎಂದರು ಅಮರ.

“ಒಬ್ಬಾಕೀನ ಕೂಡ್ತಾಳ, ಖರೆ. ಸುಳ್ಳಿನ ಜೊತಿ ಅಂತೂ ಕೂಡೂದಿಲ್ಲ.”

ಅಮರ ಎದ್ದು ಹಿತ್ತಲಿಗೆ ಹೋದರು. ಅತ್ತೆ ಒಳಗಿನಿಂದಲೇ ಹೇಳಿದರು: “ದೀಪಾವಳಿ ಆಗ್ಲಿ. ಹಬ್ಬದ ಮುಂದ ಮನಿ ಬಿಡಬಾರದು.”

ದೀಪಾವಳಿಗೆ ಹತ್ತು ದಿನ ಉಳಿದಿತ್ತು. ಒಂದು ಸಂಜೆ ಅಮರ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಅತ್ತೆ ತಾವಾಗಿ ಹೊರಗೆ ಬಂದರು. ಅಷ್ಟು ದಿನದಲ್ಲಿ ಅದೇ ಮೊದಲು. ನಾನು ಕಿಟಕಿಯ ಒಳಗೆ ಪಾತ್ರೆ ತೊಳೆಯುತ್ತಿದ್ದೆ.

“ಒಂದ ಮಾತು ಹೇಳು,” ಎಂದರು. “ಅದು ಒಂದ ಏಟಿಗೆ ಹೋತೇನು? ನರಳಾಡಲಿಲ್ಲಲ್ಲ?”

ಅಮರ ಕೈಯಲ್ಲಿದ್ದ ಬಟ್ಟೆಯ ಕ್ಲಿಪ್ಪನ್ನು ಬುಟ್ಟಿಗೆ ಹಾಕಿದರು.

“ಇಲ್ಲವ್ವ. ಒಂದ ಏಟಿಗೆ ಹೋತು. ಅದಕ್ಕ ತಿಳಿಯಲೂ ಇಲ್ಲ.”

ಅತ್ತೆ ತಲೆ ಆಡಿಸಿ, ತಂತಿಯ ಮೇಲಿನ ಸೀರೆ ತಾವೇ ತೆಗೆದು ಮಡಚಿದರು. “ಇನ್ನ ಮ್ಯಾಲೆ ಬ್ಯಾಡ,” ಎಂದರು. “ಇಲ್ಲವ್ವ,” ಎಂದರು ಇವರು. ಅಂದು ರಾತ್ರಿ ಅತ್ತೆ ಅಡುಗೆಮನೆಗೆ ಬಂದು, ಏನನ್ನೂ ಮುಟ್ಟದೆ, ನಾನು ಉಪ್ಪಿಟ್ಟಿಗೆ ರವೆ ಹುರಿಯುವುದನ್ನು ನೋಡಿ, ಉರಿ ಸಣ್ಣ ಮಾಡು ಎಂದರು. ಅಷ್ಟಕ್ಕೇ ನನಗೆ ಕಣ್ಣು ತುಂಬಿತು. ನಿತೀಶನಿಗೆ ಫೋನು ಮಾಡಿ, ದೀಪಾವಳಿ ಮುಗಿದ ಮೇಲೂ ಬರುವುದು ಖಾತ್ರಿಯಿಲ್ಲ, ನೋಡೋಣ ಎಂದೂ ಹೇಳಿದರು. ಇನ್ನೇನು ಉಳಿದುಕೊಂಡರು ಎಂದೇ ನಾನು ನಂಬಿದ್ದೆ.

ಕೆಡಿಸಿದ್ದು ಒಂದು ಜೊತೆ ಬೂಟು. ಹಬ್ಬದ ಹಿಂದಿನ ಶನಿವಾರ ಅಂಕಿತಾ ಅಪ್ಪನ ಬೂಟು ಒರೆಸಿ ಒಳಗೆ ತಂದಿಟ್ಟಳು. ಆ ದಿನ ಹಾಕಿಕೊಂಡಿದ್ದ ಬೂಟು ಅವು. ಅತ್ತೆ ಕಂಡು ಕೆರಳಿದರು.

“ಆ ಕಟುಕನ ಬೂಟು ಒಳಗ ಯಾಕ ತಂದಿ? ಹೊರಗ ಒಗಿ.”

ಅಂಕಿತಾ ಕನ್ನಡದಲ್ಲಿ ಎಲ್ಲ ತಿಳಿಯುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಾಳೆ. ಅಜ್ಜಿಗೂ ಇಪ್ಪತ್ತೆಂಟು ವರ್ಷದ ಲಂಡನ್ನಿನಲ್ಲಿ ಇಂಗ್ಲಿಷು ತಿಳಿಯದೆ ಉಳಿದಿರಲಿಲ್ಲ.

“ಡೋಂಟ್ ಕಾಲ್ ಹಿಮ್ ದಟ್,” ಎಂದಳು. “ಇಟ್ ವಾಸ್ ಯೂ, ಅಜ್ಜಿ. ಯೂ ಟರ್ನ್ಡ್ ದ ಸ್ಕ್ರೂ.”

“ಅಂಕಿತಾ, ಸಾಕು,” ಎಂದೆ. ಅವಳು ನಿಲ್ಲಿಸಲಿಲ್ಲ. ಅದರ ಕಾಲು ಮುರಿದದ್ದು, ರಾತ್ರಿಯೆಲ್ಲ ಹಳ್ಳದಲ್ಲಿ ಬಿದ್ದಿದ್ದದ್ದು, ಅಪ್ಪ ಅತ್ತದ್ದು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿ ತಾನೂ ಅಳುತ್ತ ಮೆಟ್ಟಿಲು ಹತ್ತಿ ಹೋದಳು.

ಅಮರ ಕೆಲಸದಿಂದ ಬಂದ ಕೂಡಲೇ ಅತ್ತೆ ಕೇಳಿದರು. “ಆ ಹುಡುಗಿ ಅಂದದ್ದು ಖರೇನ?”

“ಅಕಿಗೇನು ತಿಳೀತದವ್ವ. ಸಣ್ಣಾಕಿ.”

“ಸುಳ್ಳು ಸಾಕು. ಎಲ್ಲಿ ಹೊಡ್ಯಾಕ ಕಲೀತೀರಿ, ಅಲ್ಲಿಗೆ ನನ್ನ ಕರ್ಕೊಂಡು ಹೋಗು. ನನ್ನ ಕಣ್ಣಿಲೆ ನೋಡ್ತೀನಿ.”

ಭಾನುವಾರ ನಾವು ಮೂವರೂ ಸರ್ರೆಯ ರೇಂಜಿಗೆ ಹೋದೆವು. ಚಳಿ ಬಿದ್ದಿತ್ತು. ಅತ್ತೆ ಸೀರೆಯ ಮೇಲೆ ಮಾವನ ಹಳೆಯ ಕೋಟು ಹಾಕಿದ್ದರು. ಕಿವಿಗೆ ಹಾಕುವ ದಪ್ಪ ಮುಚ್ಚಿಗೆಯನ್ನು ಅಮರ ಅವರ ಸೆರಗಿನ ಮೇಲಿಂದಲೇ ಕೂಡಿಸಿದರು. ತಿರುಪನ್ನು ಅವರು ಆ ಭಾನುವಾರವೇ ಹೊಲದಲ್ಲಿ ಮತ್ತೆ ಸರಿಮಾಡಿಕೊಂಡಿದ್ದರು. ಮೊದಲು ನೂರು ಗಜಕ್ಕೆ ಮೂರು ಗುಂಡು ಹೊಡೆದರು. ದುರ್ಬೀನಿನಲ್ಲಿ ನೋಡಿದರೆ ಮೂರೂ ತೂತು ಒಂದು ರೂಪಾಯಿಯ ಅಗಲದಲ್ಲಿ, ನಡುವಿನಲ್ಲೇ ಇದ್ದವು.

“ನಿನ್ನ ಕೈ ಛಲೋ ಅದ,” ಎಂದರು ಅತ್ತೆ. “ಇನ್ನ ಆ ತಿರುಪು ತೋರ್ಸು.”

ಅಮರ ಬಂದೂಕು ಖಾಲಿ ಮಾಡಿ, ಬೋಲ್ಟು ತೆಗೆದು, ಮುಚ್ಚಳ ಬಿಚ್ಚಿದರು. ಅತ್ತೆ ಬಗ್ಗಿ, ಎರಡು ಬೆರಳಲ್ಲಿ ಹಿಡಿದು, ಅಂದಿನಂತೆಯೇ ಬಲಕ್ಕೆ ಒಮ್ಮೆ ತಿರುವಿದರು. “ಇಷ್ಟ ಮಾಡಿದ್ದೆ,” ಎಂದರು. “ಈಗ ಹೊಡಿ.”

“ಬ್ಯಾಡವ್ವ.”

“ಹೊಡಿ ಅಂದ್ರ ಹೊಡಿ.”

ಅಮರ ಮತ್ತೆ ಬೋರಲು ಮಲಗಿದರು. ಮೂರು ಗುಂಡು. ಕೆಂಪು ಬಾವುಟ ಇಳಿದು, ಎಲ್ಲರೂ ಹೊಡೆಯುವುದು ನಿಲ್ಲಿಸಿದ ಮೇಲೆ ನಾವು ಮೂವರೂ ಹುಲ್ಲಿನ ಮೇಲೆ ನಡೆದು ಹೋದೆವು. ಅತ್ತೆಗೆ ನೂರು ಗಜ ನಡೆಯಲು ಎರಡು ಸಲ ನಿಲ್ಲಬೇಕಾಯಿತು. ಕಾಗದದ ಕೆಳಗಿನ ಅಂಚಿನ ಹತ್ತಿರ ಹೊಸ ತೂತುಗಳು ಬಿದ್ದಿದ್ದವು. ಅತ್ತೆ ಹೆಬ್ಬೆರಳನ್ನು ನಡುವಿನ ಕಪ್ಪು ಚುಕ್ಕೆಯ ಮೇಲಿಟ್ಟು ಕೈ ಅಗಲಿಸಿದರು. ಕಿರುಬೆರಳ ತುದಿ ತೂತಿಗೆ ಸರಿಯಾಗಿ ಮುಟ್ಟಿತು.

“ಒಂದು ಗೇಣು,” ಎಂದರು. ಕೈಯನ್ನು ಹಾಗೇ ಇಟ್ಟುಕೊಂಡು ನಿಂತರು. “ಈ ಗೇಣಿನಾಗ ಅದರ ಕಾಲ ಇತ್ತು.”

“ನೋಡಲಾರದ ಹೊಡೆದದ್ದು ನಾನವ್ವ.”

“ಬಿಗಿ ಮಾಡಿದ್ದು ನಾನು.”

ಆಗ ನನಗೆ ತಡೆಯಲಾಗಲಿಲ್ಲ. “ಅತ್ತಿ, ನಾ ನೋಡಿದ್ದೆ. ನೀವು ತಿರುವೋ ಮುಂದ ನಾ ಬಾಗಿಲದಾಗ ಇದ್ದೆ. ಅದನ್ನ ಮುಟ್ಟಬಾರದಂತ ನನಗ ಗೊತ್ತಿತ್ತು. ಹೇಳಲಿಲ್ಲ.”

ಅಮರ ನನ್ನ ಕಡೆ ತಿರುಗಿದರು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಗದ ಬಿಚ್ಚಿ, ಸೀರೆ ಮಡಚುವಂತೆ ನಾಲ್ಕು ಮಡಿಕೆ ಮಾಡಿ ಮಾವನ ಕೋಟಿನ ಜೇಬಿಗೆ ಇಟ್ಟುಕೊಂಡರು.

ಮನೆಗೆ ಬಂದು ನಾನು ಬೇಳೆ ಬೇಯಿಸಿದೆ, ರೊಟ್ಟಿ ಬಡಿದೆ. ಮೂರು ತಾಟು ಹಾಕಿದೆ. ಅತ್ತೆ ಕೈಕಾಲು ತೊಳೆದು, ತಮ್ಮ ಕೋಣೆಗೆ ಹೋಗದೆ, ನೇರವಾಗಿ ಅಡುಗೆಮನೆಗೆ ಬಂದು ತಮ್ಮ ಹಳೆಯ ಜಾಗದಲ್ಲಿ ಕೂತರು.

“ನನಗೂ ಒಂದು ತಾಟು ಹಾಕು,” ಎಂದರು.

ಇಷ್ಟು ವಾರ ನಾನು ಕಾದದ್ದು ಈ ಮಾತಿಗೇ. ಆದರೆ ಕೈ ಏಳಲಿಲ್ಲ. ಅಮರ ಬಾಗಿಲಲ್ಲೇ ನಿಂತಿದ್ದರು.

“ಕೂಡೋ,” ಎಂದರು ಅತ್ತೆ. “ನೀ ಒಬ್ಬವನ ಪಾಪಾ ಮಾಡೀದಿ ಅಂತ ಬ್ಯಾರೆ ಉಂಡೆ. ಇನ್ನ ಬ್ಯಾರೆ ಉಣ್ಣೂದಂದ್ರ ನಾ ಯಾರನ್ನ ಬಿಟ್ಟು ಉಣ್ಲಿ?”

ಅಮರ ಬಂದು ಅವರ ಪಕ್ಕದಲ್ಲಿ ಕೂತರು. ಅಂಕಿತಾ ಕೆಳಗೆ ಬಂದು, ಅಜ್ಜಿಯ ಮುಖ ನೋಡದೆ ತನ್ನ ಲೋಟಕ್ಕೆ ನೀರು ಹಾಕಿಕೊಂಡಳು, ಆಮೇಲೆ ಅಜ್ಜಿಯ ಲೋಟಕ್ಕೂ ಹಾಕಿದಳು. ನಾನು ಬೇಳೆ ಬಡಿಸಲು ಕುಕ್ಕರು ಎತ್ತಿದೆ. ಅದರ ಹಿಡಿ ಸಡಿಲಾಗಿ ಕೈಯಲ್ಲಿ ಲಟಕ್ಕೆಂದು ವಾಲಿತು, ಒಂದಿಷ್ಟು ಬಿಸಿ ಬೇಳೆ ನೆಲಕ್ಕೆ ಚೆಲ್ಲಿತು.

ಅತ್ತೆ ಅದನ್ನು ನೋಡಿದರು. ಅಭ್ಯಾಸಬಲದಿಂದ ಅವರ ಕೈ ಡ್ರಾಯರಿನ ಕಡೆ ಅರ್ಧ ಹೋಗಿ ಹಿಂದಕ್ಕೆ ಬಂತು. ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯಿಂದ ರೊಟ್ಟಿ ಮುರಿಯತೊಡಗಿದರು.